ಕರೆ ಬಾರದ ರಾತ್ರಿಯೂ ನಿದ್ದೆಯಿಲ್ಲ: ಪಶುವೈದ್ಯೆಯ ಪತ್ರಕ್ಕೆ ಓದುಗರ ಸ್ಪಂದನ

ಶ್ರೀನಿವಾಸಪುರ ತಾಲ್ಲೂಕಿನ ಪಶುವೈದ್ಯೆಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ತೊಂದರೆಯನ್ನು ಹೇಳಿಕೊಂಡಿದ್ದರು. ಹಗಲಿನ ಕೆಲಸ ಮುಗಿದ ಮೇಲೂ ಸುತ್ತಲಿನ ಹಳ್ಳಿಗಳಿಂದ ಅವರಿಗೆ ಕರೆ ಬರುತ್ತದೆ. ಬಾರದ ರಾತ್ರಿಯೂ ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಅರೆನಿದ್ದೆಯಲ್ಲೇ ಬೆಳಗಾಗುತ್ತದೆ. ಮದುವೆ ಮನೆಯಲ್ಲಿ ಬೇರೆ ಯಾರದೋ ಫೋನ್ ರಿಂಗಾದರೂ ಅವರ ಎದೆ ಹೊಡೆದುಕೊಳ್ಳುತ್ತದೆ. ‘ಕೆಲಸ ಬಿಡುವ ಮನಸ್ಸಿಲ್ಲ, ಹೀಗೆಯೇ ಮುಂದುವರಿಯುವ ಶಕ್ತಿಯೂ ಇಲ್ಲ, ಏನು ಮಾಡಲಿ?’ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಕೊಡುತ್ತಿದ್ದೇವೆ. ಮೊದಲನೆಯದು ಉದ್ದವಾಗಿದೆ, ಅದನ್ನು ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ. – ಸಂಪಾದಕರು

ನನ್ನ ಮಗಳ ವಯಸ್ಸಿನವರಾದ ನಿಮ್ಮ ಪತ್ರವನ್ನು ಓದಿದ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ. ಪಶುವೈದ್ಯನಾಗಿದ್ದ ನಾನು ನಿವೃತ್ತನಾಗಿ 11 ವರ್ಷಗಳಾದವು. ಕೆಲಸಕ್ಕೆ ಸೇರಿದ ಕಾಲದಲ್ಲಿ ಮೊಬೈಲ್ ಇರಲಿಲ್ಲ, ಜನ ಬಂದು ಬಾಗಿಲು ಬಡಿಯುತ್ತಿದ್ದರು. ಅಂಗಳದಲ್ಲಿ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿಸಿದರೆ ಸಾಕು, ಬಾಗಿಲು ಬಡಿಯುವ ಮುನ್ನವೇ ನಾನು ಎದ್ದು ಕುಳಿತಿರುತ್ತಿದ್ದೆ. ಈಗಲೂ ಹಾಲು ಹಾಕುವ ಹುಡುಗ ನಸುಕಿನಲ್ಲಿ ಸೈಕಲ್ ನಿಲ್ಲಿಸಿದಾಗ ನನ್ನ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಆದ್ದರಿಂದ ಇದು ನಿಮ್ಮೊಬ್ಬರ ದೌರ್ಬಲ್ಯವೆಂದು ದಯವಿಟ್ಟು ತಿಳಿಯಬೇಡಿ.

ಇನ್ನೊಂದು ವಿಷಯವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. 1999ರ ಚಳಿಗಾಲದಲ್ಲಿ ನಾನು ಮಧುಗಿರಿಯ ಕಡೆಯ ಒಂದು ಹಳ್ಳಿಯ ಆಸ್ಪತ್ರೆಯಲ್ಲಿದ್ದೆ. ಆ ದಿನ ಬೆಳಗಿನಿಂದ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಿದ್ದೆ. ಸಂಜೆ ಎಮ್ಮೆಯೊಂದಕ್ಕೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಭುಜದವರೆಗೆ ಕೈ ಹಾಕಿ, ಕರುವಿನ ತಲೆಯನ್ನು ತಿರುಗಿಸಿ ಹೊರಗೆ ತರುವಷ್ಟರಲ್ಲಿ ಎರಡು ಗಂಟೆ ಹಿಡಿಯಿತು. ರಾತ್ರಿ ಹತ್ತರ ಹೊತ್ತಿಗೆ ಹೊಟ್ಟೆಯುಬ್ಬರದ ಎತ್ತು. ಮನೆಗೆ ಬಂದು ಮಲಗಿದ ಮೇಲೆ ಎರಡು ಗಂಟೆಗೆ ನಾಲ್ಕನೆಯ ಬುಲಾವು ಬಂತು.

ಹಿಂದಿನ ದಿನ ಬೆಳಿಗ್ಗೆ ಮೂರನೆಯ ಕರು ಹಾಕಿದ್ದ ಸೀಮೆ ಹಸು ಅದು. ನಾನು ಹೋದಾಗ ತಲೆಯನ್ನು ಪಕ್ಕೆಗೆ ತಿರುಗಿಸಿ ಬಿದ್ದುಕೊಂಡಿತ್ತು, ಕಿವಿ ತಣ್ಣಗಾಗಿತ್ತು, ಮೂತಿ ಒಣಗಿತ್ತು. ಹಾಲುಜ್ವರವೆಂದು ಗುರುತಿಸುವುದಕ್ಕೆ ನಿಮಗಾಗಲಿ ನನಗಾಗಲಿ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಹೆಸರಿಗೆ ಜ್ವರವಾದರೂ ಮೈ ಬಿಸಿಯಿರುವುದಿಲ್ಲ. ಹಾಲು ಇಳಿಯುವ ವೇಗಕ್ಕೆ ರಕ್ತದ ಕ್ಯಾಲ್ಸಿಯಂ ಕುಸಿದುಹೋಗಿರುತ್ತದೆ. ನಮ್ಮ ವೃತ್ತಿಯಲ್ಲಿ ಇದರಷ್ಟು ಸಂತೋಷ ಕೊಡುವ ಚಿಕಿತ್ಸೆ ಇನ್ನೊಂದಿಲ್ಲ. ಸತ್ತಂತೆ ಬಿದ್ದಿದ್ದ ಹಸು ಬಾಟಲಿ ಮುಗಿಯುವ ಹೊತ್ತಿಗೆ ತೇಗಿ, ಸಗಣಿ ಹಾಕಿ, ಎದ್ದು ನಿಂತು ಕರುವನ್ನು ಹುಡುಕುತ್ತದೆ. ಆದರೆ ಆ 450 ಮಿ.ಲೀ. ಕ್ಯಾಲ್ಸಿಯಂ ಔಷಧವು ರಕ್ತನಾಳಕ್ಕೆ ನಿಧಾನವಾಗಿಯೇ ಇಳಿಯಬೇಕು, ವೈದ್ಯನ ಕಿವಿ ಅಷ್ಟು ಹೊತ್ತೂ ಹಸುವಿನ ಎದೆಯ ಮೇಲಿರಬೇಕು. ವೇಗ ಹೆಚ್ಚಾದರೆ ಹೃದಯವೇ ನಿಂತುಹೋಗುತ್ತದೆ.

ಮನೆಯ ಹುಡುಗನ ಕೈಗೆ ಬಾಟಲಿ ಕೊಟ್ಟು, ಹಸುವಿನ ಬೆನ್ನಿನ ಮಟ್ಟಕ್ಕಿಂತ ಮೇಲೆ ಎತ್ತಬೇಡವೆಂದು ಹೇಳಿ, ಸ್ಟೆತಾಸ್ಕೋಪ್ ಹಚ್ಚಿ ಕುಳಿತೆ. ಹಸುವಿನ ಮೈಗೆ ಒರಗಿಕೊಂಡಿದ್ದೆ. ಕಣ್ಣು ಮುಚ್ಚಿದ್ದು ನನಗೆ ಗೊತ್ತಾಗಲಿಲ್ಲ. ಕಿವಿಯಲ್ಲಿ ಹೃದಯದ ಬಡಿತ ಎಡವುತ್ತಿರುವುದು ಕೇಳಿ ಎಚ್ಚರಗೊಂಡಾಗ ಹುಡುಗ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಡಾಕ್ಟರು ಸುಸ್ತಾಗಿದ್ದಾರೆ, ಬೇಗ ಮುಗಿದರೆ ಮನೆಗೆ ಹೋಗಿ ಮಲಗುತ್ತಾರೆ ಎಂದು ಆ ಮಗು ಹಾಗೆ ಮಾಡಿತ್ತು. ಕೊಳವೆಯನ್ನು ಕಿತ್ತೆ, ಎದೆಯನ್ನು ಗುದ್ದಿದೆ, ಏನು ಮಾಡಿದರೂ ಹಸು ಉಳಿಯಲಿಲ್ಲ.

ಮನೆಯ ಯಜಮಾನ ನನ್ನನ್ನೇ ಸಮಾಧಾನ ಮಾಡಿದ. ‘ನಮ್ಮ ಹಣೇಬರ ಸ್ವಾಮಿ, ನೀವು ಇಷ್ಟೊತ್ತಲ್ಲಿ ಬಂದ್ರಲ್ಲ, ಅದೇ ದೊಡ್ಡದು’ ಎಂದ. ಹೊರಡುವಾಗ ಆತನ ಹೆಂಡತಿ ಹಿಂದಿನ ದಿನ ಮಾಡಿಟ್ಟಿದ್ದ ಗಿಣ್ಣನ್ನು, ಮಕ್ಕಳಿಗೆ ಕೊಡಿ ಎಂದು, ಡಬ್ಬಿಯಲ್ಲಿ ಹಾಕಿಕೊಟ್ಟಳು. ಅದೇ ಹಸುವಿನ ಗಿಣ್ಣು. ನನ್ನಿಂದಲೇ ಹೀಗಾಯಿತೆಂದು ಹೇಳಲು ಬಾಯಿ ಬರಲಿಲ್ಲ, ಡಬ್ಬಿಯನ್ನು ತೆಗೆದುಕೊಂಡು ಬಂದೆ. ಖಾಲಿ ಡಬ್ಬಿಯನ್ನು ಜವಾನನ ಕೈಯಲ್ಲಿ ಹಿಂದಿರುಗಿಸಿದೆನೇ ಹೊರತು ಆ ಬೀದಿಗೆ ಮತ್ತೆ ಹೋಗಲಿಲ್ಲ.

ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಇಷ್ಟು ವರ್ಷ ನಾನು ನನ್ನ ಕೈಯನ್ನೇ ದೂರಿಕೊಂಡೆ. ನಾಲ್ಕನೆಯ ಕರೆಗೆ ಹೋಗಬಾರದಾಗಿತ್ತು ಎಂಬುದು ಹೊಳೆಯಲು ಬಹಳ ಕಾಲ ಬೇಕಾಯಿತು. ಅಲ್ಲಿಂದ 14 ಕಿ.ಮೀ. ದೂರದಲ್ಲಿ ಇನ್ನೊಬ್ಬ ವೈದ್ಯರಿದ್ದರು, ಆ ರಾತ್ರಿ ಮನೆಯಲ್ಲೇ ಇದ್ದರು. ಅವರನ್ನು ಕೇಳಬಹುದಾಗಿತ್ತು. ಕೇಳಿದರೆ ಕೈಲಾಗದವನು ಎಂದುಕೊಂಡಾರು ಎಂಬ ಸಂಕೋಚದಿಂದ ನಾನು ಒಂದು ದಿನವೂ ಕೇಳಲಿಲ್ಲ, ಅವರೂ ನನ್ನನ್ನು ಕೇಳಲಿಲ್ಲ. ವರ್ಷದ ಎಲ್ಲ ರಾತ್ರಿಯೂ ಇಬ್ಬರೂ ಎಚ್ಚರವಾಗಿದ್ದೆವು. ಸರದಿ ಹಾಕಿಕೊಂಡಿದ್ದರೆ ಅರ್ಧ ರಾತ್ರಿಗಳಾದರೂ ಇಬ್ಬರಿಗೂ ನಿದ್ದೆ ಸಿಗುತ್ತಿತ್ತು. ನೀವು ಈ ವಾರವೇ ಪಕ್ಕದ ಆಸ್ಪತ್ರೆಯವರೊಂದಿಗೆ ಕುಳಿತು ಮಾತನಾಡಿ. ಸರದಿಯಲ್ಲದ ರಾತ್ರಿ ಕರೆ ಬಂದರೆ ಅವರ ನಂಬರ್ ಕೊಟ್ಟು ಮಲಗಿ. ವೈದ್ಯರ ದಣಿವು ಹಸುವಿನ ಮೈಗೂ ತಟ್ಟುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.
– ನಿವೃತ್ತ ಪಶುವೈದ್ಯ, ತುಮಕೂರು ಜಿಲ್ಲೆ

ಸರದಿಯ ಮಾತನ್ನು ಇನ್ನೂ ಕೆಲವರು ಎತ್ತಿದ್ದಾರೆ. ಮುಂದಿನದು ಅಂಚೆ ಕಾರ್ಡಿನಲ್ಲಿ ಬಂದದ್ದು, ಪೂರ್ತಿಯಾಗಿ ಕೊಟ್ಟಿದ್ದೇವೆ. – ಸಂ.

ನಮ್ಮ ಮನೆ ನಡೆಯುವುದು ಎರಡು ಹಸುವಿನ ಹಾಲಿನಿಂದ. 2013ರ ಕಾಲುಬಾಯಿ ಜ್ವರದಲ್ಲಿ ಎರಡನ್ನೂ ಕಳೆದುಕೊಂಡು, ಸಾಲ ಮಾಡಿ ಮತ್ತೆ ಕಟ್ಟಿದ್ದೇವೆ. ಡಾಕ್ಟರಮ್ಮನವರಿಗೆ ನಿದ್ದೆ ಬರುವುದಿಲ್ಲವಂತೆ. ಹಸು ಸತ್ತ ಮನೆಯಲ್ಲಿಯೂ ಯಾರಿಗೂ ನಿದ್ದೆ ಬರುವುದಿಲ್ಲ. ರಾತ್ರಿ ಕೆಲಸವಿದೆ ಎಂದು ತಿಳಿದೇ ಈ ಓದು ಓದಿರುತ್ತಾರೆ. ಆಗದಿದ್ದರೆ ಆಗುವವರಿಗೆ ಜಾಗ ಬಿಡಲಿ.
– ರೈತ, ಮುಳಬಾಗಿಲು ತಾಲ್ಲೂಕು

ಈ ಕಾರ್ಡಿನಲ್ಲಿರುವ ನೋವು ನಿಜವಾದದ್ದು. ಹಸು ಕಟ್ಟಿರುವ ಇನ್ನೊಬ್ಬರ ಪತ್ರವನ್ನು ಇದರ ಪಕ್ಕದಲ್ಲಿಯೇ ಇಡುವುದು ಸರಿಯೆನಿಸಿತು. – ಸಂ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದೇನೆ, ನನ್ನ ಮನೆಯಲ್ಲಿಯೂ ಮೂರು ಹಸುಗಳಿವೆ. ವೈದ್ಯೆಯವರು ತಮ್ಮ ಮನಸ್ಸನ್ನು ಹೇಗೆ ಗಟ್ಟಿ ಮಾಡಿಕೊಳ್ಳುವುದೆಂದು ಕೇಳಿದ್ದಾರೆ. ಅದಕ್ಕೆ ಉತ್ತರ ಹೇಳುವಷ್ಟು ನಾನು ಓದಿದವಳಲ್ಲ. ಕರೆ ಮಾಡುವ ನಾವು ಏನನ್ನು ಕಲಿಯಬೇಕೆಂಬುದನ್ನು ಮಾತ್ರ ಹೇಳಬಲ್ಲೆ.

ನಮ್ಮ ಡಾಕ್ಟರು ಎರಡು ವರ್ಷದ ಹಿಂದೆ ಜ್ವರ ಬಂದು ಮಲಗಿದಾಗ, ಯಾವ ಯಾವ ಕಾರಣಕ್ಕೆ ರಾತ್ರಿ ಅವರನ್ನು ಎಬ್ಬಿಸಿದ್ದೇವೆಂದು ಹಾಲು ಹಾಕಲು ಬಂದವರನ್ನೆಲ್ಲ ಕೇಳಿದೆವು. ಬಹಳಷ್ಟು ಕರೆಗಳು ಬೆಳಗಿನವರೆಗೆ ಕಾಯಬಹುದಾಗಿದ್ದವು. ಸಂಜೆ ಹಸು ಬೆದೆಗೆ ಬಂದಿದೆಯೆಂದು ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಿದ್ದರು. ಸಂಜೆ ಬೆದೆ ಕಂಡ ಹಸುವಿಗೆ ಮರುದಿನ ಬೆಳಿಗ್ಗೆ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸುವುದೇ ಸರಿಯಾದ ಕ್ರಮ. ಕರು ಹಾಕಿ ನಾಲ್ಕು ಗಂಟೆಯಾಯಿತು, ಸತ್ತೆ (ಮಾಸು) ಬಿದ್ದಿಲ್ಲ ಎಂದು ಗಾಬರಿಯಾಗುತ್ತಿದ್ದರು. ಅದಕ್ಕೆ 12 ಗಂಟೆಗಳ ಕಾಲ ಕಾಯಬಹುದು. ಕೈಯಿಂದ ಎಳೆಯುವುದು, ಕಲ್ಲು ಕಟ್ಟಿ ಜಗ್ಗಿಸುವುದು ಅಪಾಯ.

ಇದನ್ನೆಲ್ಲ ಡಾಕ್ಟರ ಬಾಯಿಂದಲೇ ಕೇಳಿ ಡೈರಿಯ ಗೋಡೆಯ ಮೇಲೆ ಬರೆಸಿದೆವು. ದಿನಕ್ಕೆ ಎರಡು ಹೊತ್ತು ಎಲ್ಲರೂ ಬಂದು ನಿಲ್ಲುವ ಗೋಡೆ ಅದೊಂದೇ. ನೀರು ಒಡೆದು ಒಂದೆರಡು ಗಂಟೆ ತಿಣುಕಿದರೂ ಕರು ಬಾರದಿದ್ದರೆ, ಗರ್ಭಕೋಶ ಹೊರಬಂದಿದ್ದರೆ, ಕರು ಹಾಕಿದ ಹಸು ಮೇಲೇಳದೆ ಬಿದ್ದಿದ್ದರೆ, ಎಡಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತಿದ್ದರೆ, ಎಳೆ ಜೋಳದ ಪೈರು ಮೇಯ್ದು ನಡುಗುತ್ತಿದ್ದರೆ ಎಷ್ಟು ಹೊತ್ತಾದರೂ ಫೋನ್ ಮಾಡಬೇಕು. ಅವರು ಬರುವವರೆಗೆ ನಾವು ಮಾಡಬೇಕಾದದ್ದೂ ಅಲ್ಲಿದೆ: ಹೊರಬಂದ ಗರ್ಭಕೋಶವನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಹಿಡಿದುಕೊಳ್ಳಬೇಕು, ಬಿದ್ದ ಹಸುವನ್ನು ಎದೆಯ ಮೇಲೆ ಕೂರುವಂತೆ ಹುಲ್ಲಿನ ಹೊರೆ ಒತ್ತಿಡಬೇಕು, ಗೊಟ್ಟದಲ್ಲಿ (ಔಷಧ ಕುಡಿಸುವ ಬಿದಿರಿನ ಕೊಳವೆಯಲ್ಲಿ) ಏನನ್ನೂ ಹಾಕಬಾರದು. ನುಂಗುವ ಶಕ್ತಿಯಿಲ್ಲದ ಹಸುವಿಗೆ ಗೊಟ್ಟ ಹಾಕಿದರೆ ಔಷಧ ಶ್ವಾಸಕೋಶಕ್ಕೆ ಇಳಿಯುತ್ತದೆ. ನನ್ನ ಅತ್ತೆಯವರು ಹೀಗೆಯೇ ಒಂದು ಹಸುವನ್ನು ಕಳೆದುಕೊಂಡಿದ್ದಾರೆ, ಆದ್ದರಿಂದ ಆ ಸಾಲನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಮನೆ ಬಾಗಿಲಿಗೆ ಬಂದು ಚಿಕಿತ್ಸೆ ಕೊಡುವ ಪಶು ಸಂಜೀವಿನಿ ವಾಹನದ 1962 ಸಂಖ್ಯೆಯೂ ಗೋಡೆಯ ಮೇಲಿದೆ.

ರಾತ್ರಿಯ ಕರೆಗಳು ನಿಂತಿಲ್ಲ, ಕಡಿಮೆಯಾಗಿವೆ. ಮುಳಬಾಗಿಲಿನ ಕಡೆಯ ಅಣ್ಣಂದಿರೂ ತಮ್ಮ ಡೈರಿಯಲ್ಲಿ ಹೀಗೆ ಬರೆಸಿದರೆ ನಿಜವಾದ ಆಪತ್ತಿನಲ್ಲಿ ಡಾಕ್ಟರು ಬೇಗ ಬರುತ್ತಾರೆ.
– ಡೈರಿ ಕಾರ್ಯದರ್ಶಿ, ಚಿಕ್ಕಬಳ್ಳಾಪುರ ಜಿಲ್ಲೆ

ಅಂಚೆ ಕಾರ್ಡನ್ನು ಈ ಸೋದರಿ ಓದಿರಲಿಲ್ಲ. ಕೊನೆಯ ವಾಕ್ಯದಲ್ಲಿ ಊರಿನ ಹೆಸರನ್ನು, ಅವರಿಗೆ ಕಾರ್ಡಿನ ವಿಷಯ ತಿಳಿಸಿ, ಅವರ ಒಪ್ಪಿಗೆಯಿಂದ ಸೇರಿಸಿದ್ದೇವೆ. – ಸಂ.

ನಾನು ಪಶುವೈದ್ಯನಲ್ಲ, ಗೌರಿಬಿದನೂರಿನ ಕಡೆ ಶಾಲಾ ಶಿಕ್ಷಕ. ನನ್ನ ಹೆಂಡತಿ ಪಶುವೈದ್ಯೆ. ರಾತ್ರಿ ಕರೆ ಬಂದರೆ ನಾನೂ ಜೊತೆಗೆ ಹೋಗುತ್ತೇನೆ, ಬೈಕ್ ಓಡಿಸುತ್ತೇನೆ, ಟಾರ್ಚ್ ಹಿಡಿಯುತ್ತೇನೆ. ಹೆಣ್ಣುಮಗಳೊಬ್ಬಳು ಅಪರಿಚಿತ ತೋಟದ ಮನೆಗೆ ಒಂಟಿಯಾಗಿ ಹೋಗುವುದು ಸುಲಭವಲ್ಲ; ಕರೆದವರ ಮನೆಯವರೊಬ್ಬರು ಡಾಂಬರು ರಸ್ತೆಯವರೆಗೆ ಬಂದು ಕಾಯಬೇಕೆಂಬುದನ್ನು ನಾವು ಫೋನಿನಲ್ಲಿಯೇ ಹೇಳಿಬಿಡುತ್ತೇವೆ. ಹಸು ಉಳಿಯದ ರಾತ್ರಿ ಹಿಂದಿರುಗುವಾಗ ಅವಳು ಮಾತನಾಡುವುದಿಲ್ಲ. ಮೊದಮೊದಲು ಏನಾಯಿತೆಂದು ನಾನು ಕೆದಕುತ್ತಿದ್ದೆ, ಅದು ತಪ್ಪು. ಈಗ ಮೊದಲು ಬಿಸಿನೀರು ಕಾಯಿಸುತ್ತೇನೆ, ಅವಳು ಸ್ನಾನ ಮಾಡಿ ಬಂದು ತಾನಾಗಿ ಮಾತು ತೆಗೆದರೆ ಕೇಳುತ್ತೇನೆ. ನಮ್ಮ ನಾಲ್ಕು ವರ್ಷದ ಮಗಳು ಒಂದು ದಿನ ಆಟದ ಫೋನನ್ನು ಕಿವಿಗಿಟ್ಟುಕೊಂಡು, ಥೇಟ್ ಅಮ್ಮನ ದನಿಯಲ್ಲಿ, ‘ನೀರು ಒಡೆದು ಎಷ್ಟು ಹೊತ್ತಾಯ್ತು?’ ಎಂದು ಗೊಂಬೆಯನ್ನು ಕೇಳುತ್ತಿದ್ದಳು. ಅವತ್ತು ನಾವಿಬ್ಬರೂ ಕುಳಿತು, ಭಾನುವಾರ ರಾತ್ರಿ ಫೋನ್ ಇನ್ನೊಬ್ಬ ವೈದ್ಯರಿಗೆ ಹೋಗಬೇಕೆಂದು ತೀರ್ಮಾನಿಸಿದೆವು. ಆ ವೈದ್ಯರ ಶುಕ್ರವಾರ ಇವಳದು.
– ಚಿಕ್ಕಬಳ್ಳಾಪುರ ಜಿಲ್ಲೆ

ನಾನು ತುಮಕೂರು ನಗರದಲ್ಲಿ ನಾಯಿ, ಬೆಕ್ಕುಗಳ ಚಿಕಿತ್ಸೆ ಮಾಡುತ್ತೇನೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವನು. ಹಳ್ಳಿಯ ವೈದ್ಯರಷ್ಟು ದೂರ ಓಡಾಡುವುದಿಲ್ಲವಾದರೂ, ಪಾರ್ವೊ ವೈರಸ್ ತಗುಲಿದ ನಾಯಿಮರಿಗಳು ಒಂದೇ ವಾರದಲ್ಲಿ ಸಾಲಾಗಿ ಸಾಯುವಾಗ, ಗುಣವಾಗದ ನೋವಿನಲ್ಲಿರುವ ಪ್ರಾಣಿಗೆ ಕೊನೆಯ ಇಂಜೆಕ್ಷನ್ ಕೊಡುವಾಗ ಮನಸ್ಸಿನ ಮೇಲೆ ಬೀಳುವ ಭಾರವನ್ನು ಬಲ್ಲೆ. ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಬೇರೆಯವರ ಫೋನಿಗೂ ಎದೆ ಹೊಡೆದುಕೊಳ್ಳುತ್ತದೆ ಎಂಬ ಸಾಲು. ನನಗೂ ಹಾಗಾಗುತ್ತಿತ್ತು. ಕೆಲಸಕ್ಕೆ ಬೇರೆ ಸಿಮ್, ಅದಕ್ಕೆ ಬೇರೆ ರಿಂಗ್‌ಟೋನ್ ಇಟ್ಟುಕೊಂಡಾಗ ಸ್ವಲ್ಪ ಹಗುರವಾಯಿತು. ಅದು ಸಾಲದೆ ಮನೋವೈದ್ಯರ ಬಳಿಗೆ ಹೋದೆ, ಎಂಟು ತಿಂಗಳು ಚಿಕಿತ್ಸೆ ಪಡೆದೆ.

ಅಮೆರಿಕದಲ್ಲಿ 1979ರಿಂದ 2015ರವರೆಗಿನ ಸಾವುಗಳ ದಾಖಲೆಯನ್ನು ಪರಿಶೀಲಿಸಿದವರು, ಸಾಮಾನ್ಯ ಜನರಿಗೆ ಹೋಲಿಸಿದರೆ ಪಶುವೈದ್ಯರ ಸಾವುಗಳಲ್ಲಿ ಆತ್ಮಹತ್ಯೆಯ ಪಾಲು ಪುರುಷರಲ್ಲಿ 2.1 ಪಟ್ಟು, ಮಹಿಳೆಯರಲ್ಲಿ 3.5 ಪಟ್ಟು ಇದ್ದುದನ್ನು ಕಂಡಿದ್ದಾರೆ. ಅಲ್ಲಿಯ ಪರಿಸ್ಥಿತಿ ಬೇರೆ, ನಮ್ಮದು ಬೇರೆ. ಆದರೂ ಇದನ್ನು ಸಹಿಸಿಕೊಂಡು ಸುಮ್ಮನಿರಬಹುದಾದ ಸಣ್ಣ ತೊಂದರೆಯೆಂದು ನಾನಂತೂ ಹೇಳಲಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮಧ್ಯರಾತ್ರಿ ಎಲ್ಲರ ಕರೆಗೂ ಓಗೊಡುವ ನಮಗೆ, ನಾವೇ ಒಂದು ಕರೆ ಮಾಡುವುದು ಮಾತ್ರ ಬಹಳ ಕಷ್ಟವಾಗುತ್ತದೆ. ನನಗೆ ಒಂದು ವರ್ಷ ಬೇಕಾಯಿತು, ನೀವು ಅಷ್ಟು ಕಾಯಬೇಡಿ.
– ಪಶುವೈದ್ಯ, ತುಮಕೂರು

ಈ ಪತ್ರಗಳನ್ನು ಅಚ್ಚಿಗೆ ಕಳುಹಿಸುವ ಮೊದಲು ಶ್ರೀನಿವಾಸಪುರದ ವೈದ್ಯೆಯವರಿಗೆ ತಲುಪಿಸಿದ್ದೆವು. ಡೈರಿ ಗೋಡೆಯ ಬರಹದ ಫೋಟೋ ಸಿಗಬಹುದೇ ಎಂದು ಅವರು ಕೇಳಿದ್ದಾರೆ. ಮೊದಲ ಪತ್ರ ಬರೆದ ಹಿರಿಯರ ಫೋನ್ ನಂಬರನ್ನೂ ಕೇಳಿದರು; ಹಿರಿಯರು ಒಪ್ಪಿ, ರಾತ್ರಿ ಎಷ್ಟು ಹೊತ್ತಿಗಾದರೂ ಮಾಡಲಿ ಎಂದಿದ್ದಾರೆ. – ಸಂ.