ಬೆನ್ನಿಗೆ ಕೊಡುವ ಇಂಜೆಕ್ಷನ್ನಿಗೆ ಏನೆನ್ನೋಣ? ನಾಳೆ ಅಚ್ಚಿಗೆ ಹೋಗಬೇಕು

ನಮಸ್ಕಾರ. ಹೆರಿಗೆ ಆಸ್ಪತ್ರೆಯೊಂದರ ತಿಳಿವಳಿಕೆ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸಿಸೇರಿಯನ್‌ಗೆ ಕೊಡುವ ಸ್ಪೈನಲ್ ಅನಸ್ತೇಶಿಯಾಕ್ಕೆ "ಬೆನ್ನುಹುರಿ ಅರಿವಳಿಕೆ" ಎಂದು ಬರೆದೆ. ಓದಿದ ಬಸುರಿಯೊಬ್ಬರು "ಎಚ್ಚರ ತಪ್ಪಿಸ್ತಾರಾ? ಮಗು ಅತ್ತಿದ್ದು ಕೇಳಲ್ವಾ?" ಎಂದು ಗಾಬರಿಯಾದರು. ಎದೆಯಿಂದ ಕೆಳಗೆ ನೋವು ಗೊತ್ತಾಗುವುದಿಲ್ಲ ಅಷ್ಟೇ, ತಾಯಿ ಎಚ್ಚರವಾಗೇ ಇರುತ್ತಾಳೆ. "ಬೆನ್ನುಹುರಿ"ಯೂ ಸರಿಯಿಲ್ಲ. ಸೂಜಿ ಹೋಗುವುದು ಹುರಿ ಮುಗಿದ ಮೇಲೆ ಅದರ ಕೆಳಗಿನ ನೀರಿಗೆ.

ಇನ್ನೊಂದು, ಎಚ್‌ಡಿಯು (ಹೈ ಡಿಪೆಂಡೆನ್ಸಿ ಯುನಿಟ್) ಬೋರ್ಡು. ವಾರ್ಡಿಗಿಂತ ಜಾಸ್ತಿ, ಐಸಿಯುಗಿಂತ ಕಮ್ಮಿ ನೋಡಿಕೊಳ್ಳುವ ಜಾಗ. ರಕ್ತ ಜಾಸ್ತಿ ಹೋದವರು, ಬಿಪಿ ಏರಿದವರು ಅಲ್ಲಿರುತ್ತಾರೆ. ಹೆರಿಗೆ ಎಚ್‌ಡಿಯು ಹೇಗಿರಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಕನ್ನಡದ ಹೆಸರು ಮಾತ್ರ ನಾವೇ ಹುಡುಕಬೇಕು. "ಅಧಿಕ ಅವಲಂಬನಾ ಘಟಕ" ಎಂದು ಯಾರೋ ಸೂಚಿಸಿದರು. ಓದಿದರೆ ನನಗೇ ಜ್ವರ ಬರುತ್ತೆ.

ಉತ್ತರ:
ಅರಿವಳಿಕೆ ಬಿಡಬೇಡಿ. ಅರಿವು, ಅಳಿಕೆ, ಎರಡೂ ಅಚ್ಚಗನ್ನಡ. ಪತ್ರಿಕೆಗಳಲ್ಲೂ "ಅರಿವಳಿಕೆ ತಜ್ಞ" ಎಂದು ನೆಲೆ ನಿಂತಾಗಿದೆ. ಗೊಂದಲ ಕನ್ನಡದ್ದಲ್ಲ. 1846ರಲ್ಲಿ ಹೋಮ್ಸ್ ಎಂಬ ವೈದ್ಯ ಗ್ರೀಕಿನಿಂದ ಅನಸ್ತೇಶಿಯಾ ಎಂಬ ಹೆಸರು ಎತ್ತಿಕೊಟ್ಟಾಗ ಇದ್ದದ್ದು ಈಥರ್, ಮೈಮರೆಸುವ ಔಷಧ. ಬೀರ್ ಎಂಬ ಜರ್ಮನ್ ವೈದ್ಯ ಬೆನ್ನಿಗೆ ಚುಚ್ಚಿದ್ದು 1898ರಲ್ಲಿ. ಹಳೇ ಅಂಗಿ, ಹೊಸ ಮೈ.

ಉತ್ತರ:
"ಮತ್ತು ಇಂಜೆಕ್ಷನ್" ಅಂತ ಹಾಕಿ ಸಾರ್. ಹಳ್ಳಿಯವರು ಹೇಳೋದೇ ಅದು.

ಉತ್ತರ:
ಹಾಕಿ. ಬಾಗಿಲಿಗೆ "ಮತ್ತು ತಜ್ಞರು" ಎಂದು ಬೋರ್ಡೂ ಬರೆಸಿ. ಇವರ ಹಿಂದೆ ಇನ್ಯಾರಿದ್ದರು ಎಂದು ಜನ ಕೇಳುತ್ತಾರೆ.

ಸರಿಯಾದ ಪದ ಮರಗಟ್ಟಿಕೆ. ಇದನ್ನು ಮರೆವಿಗೆ ಗಂಟು ಹಾಕುವವರಿದ್ದಾರೆ, ತಪ್ಪು. ಮರೆವಿನದು ಹಳಗನ್ನಡದ ಗಡಸು ರ, ಅಂದರೆ ಱ. ಮರಗಟ್ಟುವುದು ಮರದ ಹಾಗೆ ಆಗುವುದು, ಅಲ್ಲಿ ಸಾದಾ ರ. ತಮಿಳಿನವರು ಈ ಎರಡು ಅಕ್ಷರ ಇನ್ನೂ ಉಳಿಸಿಕೊಂಡಿದ್ದಾರೆ, ಅವರ "ಮರತ್ತುಪ್ಪೋಗು" ನೋಡಿ. ನಾವು ಱ ಕಳೆದುಕೊಂಡು ಎಷ್ಟು ಪದಗಳ ಬೇರು ಕಡಿದುಕೊಂಡೆವೋ.

ಉತ್ತರ:
ಱ ಆಮೇಲೆ ನೋಡೋಣ ರಾಯರೇ. ನಾನು ಲೇಬರ್ ವಾರ್ಡಿನಲ್ಲಿ ಕೆಲಸ ಮಾಡಿದವಳು. ಸಿಸೇರಿಯನ್‌ಗೆ ಮರಗಟ್ಟಿಕೆ ನಡೆಯುತ್ತೆ, ಕಾಲು ನಿಜಕ್ಕೂ ಎತ್ತೋಕಾಗಲ್ಲ. ಆದರೆ ಹೆರಿಗೆ ನೋವಿಗೆ ಕೊಡುವ ಎಪಿಡ್ಯೂರಲ್‌ಗೆ ಅದೇ ಪದ ಹಾಕಬೇಡಿ. ಈಗ ಔಷಧ ತುಂಬಾ ತೆಳು ಮಾಡಿ ಸಣ್ಣ ನಳಿಕೆಯಲ್ಲಿ ಬಿಡುತ್ತಾರೆ. ನೋವು ಇಳಿಯುತ್ತೆ, ಕಾಲಾಡುತ್ತೆ, ಮುಕ್ಕಬೇಕೆನ್ನೋದೂ ತಿಳಿಯುತ್ತೆ. ಮರಗಟ್ಟುತ್ತೆ ಅಂದರೆ ಯಾವ ಅತ್ತೆ ಒಪ್ಪುತ್ತಾರೆ? "ನೋವಿಳಿಸುವ ಇಂಜೆಕ್ಷನ್" ಸಾಕು. ಎಚ್‌ಡಿಯುಗೆ "ಹೆಚ್ಚಿನ ನಿಗಾ ಕೊಠಡಿ" ಅನ್ನಿ.

ಉತ್ತರ:
ನಿಗಾ ಪಾರಸಿ ಪದ. "ತೀವ್ರ ನಿಗಾ ಘಟಕ" ನೋಡಿ, ಆಚೆ ಈಚೆ ಸಂಸ್ಕೃತ, ನಡುವೆ ಪಾರಸಿ. ಕನ್ನಡ ಎಲ್ಲಿ? ಆರೈಕೆ ಇರುವಾಗ ಸಾಲ ಯಾಕೆ?

ಉತ್ತರ:
ಆಸ್ಪತ್ರೆ ಯಾವ ಹಳಗನ್ನಡ ಸಾರ್? ಅದನ್ನೂ ಕಿತ್ತುಹಾಕಿ, ರೋಗಿಗಳು ಬಯಲಲ್ಲಿ ಮಲಗಲಿ.

ಉತ್ತರ:
ಬಂದು ಬೇರುಬಿಟ್ಟ ಪದ ಬೇರೆ, ಸೋಮಾರಿತನಕ್ಕೆ ತಂದದ್ದು ಬೇರೆ. ಈ ವ್ಯತ್ಯಾಸ ತಿಳಿಯದವರ ಜೊತೆ ವಾದ ಬೇಡ.

ಉತ್ತರ:
ಕೇಳಿದವನು ನಾನು. ಹಾಳೆ ಅಚ್ಚಿಗೆ ಹೋಯಿತು. "ಬೆನ್ನಿನ ಇಂಜೆಕ್ಷನ್. ಮೈ ಮರಗಟ್ಟುತ್ತದೆ, ಎಚ್ಚರ ಇರುತ್ತದೆ, ಮಗುವಿನ ಅಳು ಕೇಳಿಸುತ್ತದೆ" ಎಂದು ಹಾಕಿದೆ. ಅರಿವಳಿಕೆ ವೈದ್ಯರ ಹುದ್ದೆಗೆ ಮಾತ್ರ ಉಳಿಯಿತು. ಬೋರ್ಡಿಗೆ "ಹೆಚ್ಚಿನ ಆರೈಕೆ ಕೊಠಡಿ", ಕೆಳಗೆ ಎಚ್‌ಡಿಯು. ಲಿಫ್ಟಿನವನಿಗೆ ಗೊತ್ತಿರೋದು ಅದೊಂದೇ.

ಮಕ್ಕಳ ಹಾಳೆ ಶುಕ್ರವಾರಕ್ಕೆ. ಎಂಆರ್‌ಐಗೆ ಮುಂಚೆ ಮಗುವಿನ ಮೂಗಿಗೆ ಔಷಧ ಬಿಟ್ಟು ಸೂಜಿಯಿಲ್ಲದೆ ಮಲಗಿಸುತ್ತಾರಲ್ಲ, ಅದಕ್ಕೆ "ಮಂಪರು" ಎಂದಿದ್ದೇನೆ. ಯಾರದಾದರೂ ತಕರಾರಿದ್ದರೆ ಈಗಲೇ ಹೇಳಿಬಿಡಿ.