ಅಪ್ಪಯ್ಯನ ಅಲ್ಲಾಡುವ ಹಲ್ಲುಗಳನ್ನೆಲ್ಲ ಒಮ್ಮೆಲೇ ಕೀಳಿಸಬೇಕೇ?

ಪ್ರಶ್ನೆ (ಶಿರಸಿ):
ನಮ್ಮ ಅಪ್ಪಯ್ಯನಿಗೆ ಈಗ 63 ವರ್ಷ. ಮೂರು ವರ್ಷಗಳಲ್ಲಿ ಐದು ಹಲ್ಲುಗಳು ಹೋದವು. ಎರಡನ್ನು ಕೀಳಿಸಿದ್ದು, ಮೂರು ತಾವಾಗಿಯೇ ಬಿದ್ದದ್ದು. ಹುಳುಕಿಲ್ಲ, ನೋವೂ ಇಲ್ಲ. ಉಜ್ಜುವಾಗ ಒಸಡಿನಿಂದ ರಕ್ತ ಬರುತ್ತದೆ ಎಂದು ಬಹಳ ವರ್ಷಗಳಿಂದ ಹೇಳುತ್ತಿದ್ದರು, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಕೆಳಗಿನ ಮುಂಬದಿಯ ನಾಲ್ಕು ಹಲ್ಲುಗಳು ನಾಲಿಗೆ ತಾಗಿದರೂ ಅಲ್ಲಾಡುತ್ತವೆ. ಸಕ್ಕರೆ ಕಾಯಿಲೆ ಹತ್ತು ವರ್ಷಗಳಿಂದ ಇದೆ. ದಿನಕ್ಕೆ ಏಳೆಂಟು ಕವಳ (ಎಲೆ-ಅಡಿಕೆ), ಅದೂ ಹೊಗೆಸೊಪ್ಪು ಸಹಿತ. ಅಡಿಕೆ ಅಗಿಯಲಾಗದೆ, ಹೋದ ವಾರ ಅಟ್ಟದಿಂದ ಅಜ್ಜನ ಕಾಲದ ಹಿತ್ತಾಳೆ ಕುಟ್ಟಾಣಿಯನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟುಕೊಂಡಿದ್ದಾರೆ. ಎಲ್ಲವನ್ನೂ ಕೀಳಿಸಿ ಸೆಟ್ಟು ಕಟ್ಟಿಸಿದರೆ ಕಾಟ ತಪ್ಪುತ್ತದೆ ಎಂಬುದು ದೊಡ್ಡಪ್ಪನ ಸಲಹೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬುದು ಆಯಿಯ ಭಯ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಕುಮಟಾ, ನಿವೃತ್ತ ಶಿಕ್ಷಕ):
ನಾನು 58ನೇ ವಯಸ್ಸಿನಲ್ಲಿ ನಿಮ್ಮ ದೊಡ್ಡಪ್ಪ ಹೇಳಿದಂತೆಯೇ ಮಾಡಿದೆ, ಈಗ 71. ಮೇಲಿನ ಸೆಟ್ಟು ಅಂಗುಳಿಗೆ ಅಂಟಿಕೊಂಡು ನಿಲ್ಲುತ್ತದೆ, ಕೆಳಗಿನದು ಮಾತ್ರ ನಾಲಿಗೆ ಆಡಿದತ್ತ ಆಡುತ್ತದೆ. ಹಲ್ಲು ಹೋದ ಜಾಗದ ಎಲುಬು ವರ್ಷ ವರ್ಷವೂ ಸವೆಯುವುದರಿಂದ, ಮೊದಲು ಬಿಗಿಯಾಗಿದ್ದ ಸೆಟ್ಟು ಸಡಿಲವಾಗಿ ಎರಡು ಸಲ ಹೊಸದು ಮಾಡಿಸಬೇಕಾಯಿತು. ತೊಡೆದೇವನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತೇನೆ. ಚಕ್ಕುಲಿಯನ್ನು ಮೊಮ್ಮಕ್ಕಳ ಕಡೆಗೆ ಸರಿಸುತ್ತೇನೆ. ಕೆಳಗೆ ಎರಡು ಗಟ್ಟಿ ಹಲ್ಲುಗಳಾದರೂ ಉಳಿಯುವಂತಿದ್ದರೆ ಅವನ್ನು ಬಿಟ್ಟುಕೊಡಬೇಡಿ.

ಉತ್ತರ 2 (ಕಾರವಾರ, ದಂತವೈದ್ಯೆ):
ಬಾಯಿ ನೋಡದೆ, ಎಕ್ಸ್‌ರೇ ಇಲ್ಲದೆ ಯಾವ ಹಲ್ಲು ಉಳಿಯುತ್ತದೆ ಎಂದು ಹೇಳಲಾಗದು. ಆದರೂ ನೀವು ಬರೆದದ್ದು ಒಸಡಿನ ಕಾಯಿಲೆಯನ್ನೇ ಸೂಚಿಸುತ್ತದೆ. ಹಲ್ಲಿನ ಬುಡದಲ್ಲಿ ಕೂತ ಪಾಚಿ ಗಟ್ಟಿಯಾಗಿ ಕಿಟ್ಟ ಕಟ್ಟಿದಾಗ ಒಸಡು ಊದಿಕೊಂಡು ಹಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ಆ ಸಂದಿನೊಳಗೆ, ಹಲ್ಲನ್ನು ಹಿಡಿದಿರುವ ಎಲುಬು ಕರಗುತ್ತ ಹೋಗುತ್ತದೆ. ಇದಷ್ಟೂ ಸಾಮಾನ್ಯವಾಗಿ ನೋವಿಲ್ಲದೆ ನಡೆಯುವುದರಿಂದಲೇ ಜನ ಹಲ್ಲು ಅಲ್ಲಾಡಿದ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ, ಒಸಡಿನ ಸೋಂಕು ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ಆದ್ದರಿಂದ ಮೊದಲು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅನಂತರ ಒಸಡಿನೊಳಗಿನ ಆಳದ ಸ್ವಚ್ಛತೆ ಮಾಡಿಸಿ, ಕೆಲವು ವಾರ ಬಿಟ್ಟು ಯಾವುದು ಗಟ್ಟಿಯಾಯಿತು ಎಂದು ನೋಡಿ ಕೀಳುವ ಮಾತಾಡುವುದು ಲೇಸು.

ಆಯಿಯವರಿಗೆ ಹೇಳಿ: ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಹಲ್ಲು ಹೋಗುವ ವಯಸ್ಸಿನಲ್ಲೇ ಚಾಳೀಸೂ ಬರುವುದರಿಂದ ಹುಟ್ಟಿದ ನಂಬಿಕೆ ಅದು.

ಕುಟ್ಟಾಣಿಯಿಂದ ಹಲ್ಲಿಗೆ ವಿಶ್ರಾಂತಿ ಸಿಕ್ಕೀತು, ಬಾಯಿಗಲ್ಲ. ಕವಳ ಒತ್ತಿಟ್ಟುಕೊಳ್ಳುವ ಬದಿಯಲ್ಲೇ ಒಸಡು ಹೆಚ್ಚು ಸರಿದಿರುವುದನ್ನು ನಾನು ದಿನವೂ ಕಾಣುತ್ತೇನೆ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ತೋಟವನ್ನೇ ನಂಬಿದ ಜಿಲ್ಲೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ. ಅವರ ಬಾಯಿ ಮೂರು ಬೆರಳಗಲ ತೆರೆಯದಿದ್ದರೆ, ಅಥವಾ ಕೆನ್ನೆಯೊಳಗೆ ಬಿಳಿ ಕಲೆ ಕಂಡರೆ, ಹಲ್ಲಿನ ವಿಚಾರ ಬದಿಗಿಟ್ಟು ಅದನ್ನು ಮೊದಲು ತೋರಿಸಿ.

ಉತ್ತರ 3 (ಹೊನ್ನಾವರ):
ಸ್ವಚ್ಛತೆ ಮಾಡಿಸಿದ ಮೇಲೆ ನಮ್ಮ ಅತ್ತೆ, ಹಲ್ಲು ಇನ್ನಷ್ಟು ಅಲ್ಲಾಡುತ್ತಿದೆ ಎಂದು ವೈದ್ಯರ ಮೇಲೆ ಸಿಟ್ಟಾಗಿದ್ದರು. ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿದ್ದ ಕಿಟ್ಟ ಹೋದಾಗ ಮೊದಲೇ ಇದ್ದ ಸಡಿಲತೆ ಗೊತ್ತಾಗುತ್ತದೆ, ಅಷ್ಟೆ. ಇನ್ನೊಂದು ಮಾತು: ರಕ್ತ ತೆಳುವಾಗುವ ಮಾತ್ರೆಯನ್ನಾಗಲಿ ಎಲುಬಿನ ಸವಕಳಿಗೆ ಕೊಟ್ಟ ಔಷಧವನ್ನಾಗಲಿ ತೆಗೆದುಕೊಳ್ಳುತ್ತಿದ್ದರೆ ಕೀಳಿಸುವ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು, ಐದು ವಾರಗಳ ನಂತರ:
ಎಲ್ಲರಿಗೂ ಧನ್ಯವಾದ. ಸಕ್ಕರೆಯ ಮೂರು ತಿಂಗಳ ಸರಾಸರಿ 9.2 ಬಂದಿತ್ತು, ಮಾತ್ರೆ ಬದಲಾಗಿದೆ. ಬಾಯಿ ಸರಿಯಾಗಿ ತೆರೆಯುತ್ತದೆ, ಕಲೆಗಳಿಲ್ಲ. ಕೆಳಗಿನ ನಾಲ್ಕರಲ್ಲಿ ಎರಡನ್ನು ಕೀಳಲೇಬೇಕಂತೆ, ಉಳಿದವುಗಳನ್ನು ಮೂರು ತಿಂಗಳು ಕಾಯ್ದು ನೋಡೋಣ ಎಂದಿದ್ದಾರೆ. ಕವಳ ಮೂರಕ್ಕೆ ಇಳಿದಿದೆ. ಹೊಗೆಸೊಪ್ಪು ಬಿಟ್ಟೆನೆಂದು ಅಪ್ಪಯ್ಯ ಹೇಳುತ್ತಾರೆ, ನಾನು ಪೂರ್ತಿ ನಂಬಿಲ್ಲ. ಕುಟ್ಟಾಣಿಯನ್ನು ಆಯಿ ಏಲಕ್ಕಿ ಕುಟ್ಟಲೆಂದು ಅಡುಗೆಮನೆಗೆ ಒಯ್ದು ಇಟ್ಟುಕೊಂಡಿದ್ದಾರೆ.