ಈವ್ ಆನ್‌ಲೈನ್: ಒಂದೇ ಪಿಸಿಯಲ್ಲಿ ಐದು ಕ್ಲೈಂಟ್, ಮೊದಲು ಯಾವ ಪಾರ್ಟ್ ಬದಲಾಯಿಸಲಿ?

ಐದುಹಡಗು:
ಈವ್ ಅನ್ನೋ ಬಾಹ್ಯಾಕಾಶ ಆಟವನ್ನ ಐದು ಕ್ಲೈಂಟ್ (ಆಟದ ವಿಂಡೋ) ತೆರೆದು ಒಟ್ಟಿಗೆ ಆಡೋ ಆಸೆ: ಒಂದು ಓರ್ಕಾ (ಗಣಿಗಾರಿಕೆಗೆ ನೆರವಾಗುವ ದೊಡ್ಡ ಹಡಗು), ನಾಲ್ಕು ಗಣಿ ಹಡಗು. ಐದೂ ಒಮೆಗಾ (ಚಂದಾ ಕಟ್ಟಿದ) ಅಕೌಂಟ್. ಈಗಿರೋದು ಕೋರ್ ಐ5-10400, 8+8 ಜಿಬಿ ಡಿಡಿಆರ್4, ಜಿಟಿಎಕ್ಸ್ 1650 4 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಎರಡು ಕ್ಲೈಂಟ್ ಚೆನ್ನಾಗಿ ಓಡುತ್ತವೆ. ಮೂರನೆಯದು ತೆರೆದ ಕೂಡಲೇ ಎಲ್ಲವೂ ತಡವರಿಸುತ್ತವೆ. ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋದರೆ ಎರಡು ಮೂರು ಸೆಕೆಂಡ್ ಚಿತ್ರ ನಿಂತೇಬಿಡುತ್ತೆ. ಸಿಪಿಯು 55% ದಾಟಲ್ಲ. ಅಂಗಡಿಯವರು ರೈಝೆನ್ 9, ಹೊಸ ಬೋರ್ಡು, ಡಿಡಿಆರ್5 ಹಾಕಿಸಿ ಅಂತಾರೆ. ಅಷ್ಟೆಲ್ಲ ಬೇಕಾ?

ಗೀಜಗ:
ಬೇಡ ಸರ್. ತುಂಬಿಹೋಗಿರೋದು ಗ್ರಾಫಿಕ್ಸ್ ಕಾರ್ಡಿನ ಮೆಮೊರಿ. ಮೂರು ಕ್ಲೈಂಟ್ ತೆರೆದು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಜಿಪಿಯು ನೋಡಿ. ಡೆಡಿಕೇಟೆಡ್ (ಕಾರ್ಡಿನ ಸ್ವಂತ) ಮೆಮೊರಿ 4 ಜಿಬಿ ಹತ್ತಿರ ನಿಂತು, ಶೇರ್ಡ್ (ರ‍್ಯಾಮ್‌ನಿಂದ ಎರವಲು ಪಡೆದ) ಮೆಮೊರಿ ಏರ್ತಾ ಇದ್ದರೆ ಅದೇ ಕಾರಣ.

ಐದೂ ಹಡಗು ಒಂದೇ ಕ್ಷುದ್ರಗ್ರಹದ ಪಕ್ಕ ನಿಂತಿದ್ದರೂ ಪ್ರತಿ ಕ್ಲೈಂಟ್ ತನ್ನದೇ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಪ್ರತಿ ಇಟ್ಟುಕೊಳ್ಳುತ್ತೆ, ಹಂಚಿಕೊಳ್ಳಲ್ಲ. (ಡಿಸ್ಕಿನಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಶೇರ್ಡ್‌ಕ್ಯಾಶ್ ಫೋಲ್ಡರ್, ಹಾಗಾಗಿ ದೊಡ್ಡ ಎಸ್‌ಎಸ್‌ಡಿ ಬೇಕಿಲ್ಲ.) ಹಿಡಿಸದ್ದು ರ‍್ಯಾಮ್‌ಗೆ ಹೋಗುತ್ತೆ. 1650ರ ಸ್ವಂತ ಮೆಮೊರಿ ಸೆಕೆಂಡಿಗೆ 128 ಜಿಬಿ ಸಾಗಿಸಿದರೆ, ರ‍್ಯಾಮ್‌ನಿಂದ ಬರುವ ಪಿಸಿಐಇ 3.0 ದಾರಿಯಲ್ಲಿ 16 ಜಿಬಿಯೂ ಪೂರ್ತಿ ಸಿಗಲ್ಲ. ನೀವು ವಿಂಡೋ ಬದಲಿಸಿದಾಗ ನಿಲ್ಲೋದು ಅದಕ್ಕೇ, ಹೊರಗೆ ಹಾಕಿದ್ದನ್ನ ವಾಪಸ್ ಎಳೆದು ತರ್ತಾ ಇರುತ್ತೆ.

ಡೀಟೇಲ್ಸ್ ಟ್ಯಾಬ್‌ನಲ್ಲಿ ಡೆಡಿಕೇಟೆಡ್ ಜಿಪಿಯು ಮೆಮೊರಿ ಕಾಲಂ ಸೇರಿಸಿ, ಒಂದೊಂದು ಕ್ಲೈಂಟ್ ಎಷ್ಟು ತಿನ್ನುತ್ತೆ ಅಂತ ಟೆಕ್ಸ್ಚರ್ ಹೈ ಮತ್ತು ಲೋ ಎರಡರಲ್ಲೂ ಅಳೆದು ಹೇಳಿ.

ಕೆಂಪುದೀಪ:
ಜೊತೆಗೆ ಪರ್ಫಾರ್ಮೆನ್ಸ್‌ನ ಮೆಮೊರಿ ಪುಟದಲ್ಲಿ "ಕಮಿಟೆಡ್" ಅಂಕಿಯನ್ನೂ ನೋಡಿ. ಪ್ರೋಗ್ರಾಂಗಳಿಗೆ ಕೊಡ್ತೀನಿ ಅಂತ ವಿಂಡೋಸ್ ಒಪ್ಪಿಕೊಂಡ ಒಟ್ಟು ಮೆಮೊರಿ ಅದು, ಅದರ ಮಿತಿ ರ‍್ಯಾಮ್ ಮತ್ತು ಪೇಜ್‌ಫೈಲ್ (ಡಿಸ್ಕಿನಲ್ಲಿ ಮೆಮೊರಿಗೆ ಮೀಸಲಿಟ್ಟ ಜಾಗ) ಸೇರಿದಷ್ಟು. ಅದು ಮಿತಿ ಮುಟ್ಟಿದರೆ ಕ್ಲೈಂಟ್ ನಿಧಾನ ಆಗಲ್ಲ, ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತೆ. ಪೇಜ್‌ಫೈಲ್ ಆಫ್ ಮಾಡಿದವರಿಗೆ ಇದು ಇನ್ನೂ ಬೇಗ ಬರುತ್ತೆ.

ಐದುಹಡಗು:
ಅಳೆದೆ. ಹೈನಲ್ಲಿ ತಲಾ 1.3 ಜಿಬಿ, ಲೋನಲ್ಲಿ 0.6. ಮೂರು ತೆರೆದಾಗ ಶೇರ್ಡ್ 0.8ಕ್ಕೆ ಹೋಯ್ತು. ಕಮಿಟೆಡ್ 17.2/18.9.

ಗೀಜಗ:
ಐದೂ ಹೈ ಇಟ್ಟರೆ 6.5. ವಿಂಡೋಸ್, ಬ್ರೌಸರ್, ಎರಡನೇ ಮಾನಿಟರ್‌ಗೆ 1 ಸೇರಿಸಿ, 7.5. ಅಂದರೆ 8 ಜಿಬಿ ಕಾರ್ಡ್ ಅಂಚಿಗೆ ಬಂತು. ಜನ ತುಂಬಿದ ನಿಲ್ದಾಣಕ್ಕೆ ಹೋದರೆ ಮತ್ತೆ ಇದೇ ಕಥೆ. ಆರ್‌ಟಿಎಕ್ಸ್ 3060 12 ಜಿಬಿ ತಗೊಳ್ಳಿ. 4060 ಟಿಐ 16 ಜಿಬಿ ಕೂಡ ಇದೆ, ಆದರೆ ಅದು ಬಳಸೋದು 8 ಲೇನ್ (ಡೇಟಾ ಸಾಗುವ ಸಾಲು) ಮಾತ್ರ, ನಿಮ್ಮ ಬೋರ್ಡು ಪಿಸಿಐಇ 3.0, ಹಾಗಾಗಿ ಆ ದಾರಿ ಅರ್ಧಕ್ಕೆ ಇಳಿಯುತ್ತೆ. ಈ ಕೆಲಸಕ್ಕೆ ಅಷ್ಟು ದುಡ್ಡು ಹಾಕೋದು ದಂಡ ಅನ್ನೋದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ: 3060 ಹೆಸರಲ್ಲೇ 8 ಜಿಬಿ, 128 ಬಿಟ್ ಕಾರ್ಡೂ ಮಾರಾಟಕ್ಕಿದೆ. ಡಬ್ಬಿ ಮೇಲೆ 12 ಜಿಬಿ, 192 ಬಿಟ್ ಅಂತ ಓದಿಯೇ ದುಡ್ಡು ಕೊಡಿ.

ಕೆಂಪುದೀಪ:
ರ‍್ಯಾಮ್ 16+16 ಮಾಡಿ, ಡಿಡಿಆರ್4 3200 ಸಾಕು. ಐ5-10400ಗೆ ಇಂಟೆಲ್ ಹೇಳುವ ಮಿತಿ 2666, ಜಾಸ್ತಿ ವೇಗದ್ದಕ್ಕೆ ಖರ್ಚು ಮಾಡಬೇಡಿ. ಒಂದೇ 32ರ ಸ್ಟಿಕ್ ಬೇಡ, ಡ್ಯುಯಲ್ ಚಾನೆಲ್ (ಎರಡು ಸ್ಟಿಕ್ ಒಟ್ಟಿಗೆ ಓಡುವಾಗ ಸಿಗುವ ವೇಗ) ಕಳಕೊಳ್ತೀರಿ.

3060 ಎಳೆಯೋದು 170 ವ್ಯಾಟ್, ಕಂಪನಿ ಹೇಳೋದು 550 ವ್ಯಾಟ್ ಎಸ್‌ಎಂಪಿಎಸ್. ನಿಮ್ಮ 450ರದನ್ನು ಬದಲಿಸಿ. ಯುಪಿಎಸ್ ಇದೆಯಾ? 600 ವಿಎ ಅಂತ ಬರೆದಿರೋದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತೆ. ಈ ಕಾರ್ಡ್, ಎರಡು ಮಾನಿಟರ್ ಸೇರಿದರೆ ಕರೆಂಟ್ ಹೋದ ಕ್ಷಣಕ್ಕೇ ಓವರ್‌ಲೋಡ್ ಕೂಗಿ ಆಫ್ ಆಗಬಹುದು. 1 ಕೆವಿಎ ನೋಡಿ. ರೂಟರ್ ಕೂಡ ಅದಕ್ಕೇ ಹಾಕಿ, ಇಲ್ಲದಿದ್ದರೆ ಪಿಸಿ ಉಳಿದರೂ ಐದೂ ಹಡಗಿನ ಸಂಪರ್ಕ ಒಟ್ಟಿಗೆ ಹೋಗುತ್ತೆ.

ಮಲೆನಾಡಮಳೆ:
ಸಿಪಿಯು ಬಗ್ಗೆ ಒಂದು ಮಾತು. 55% ಅನ್ನೋದು 12 ಥ್ರೆಡ್‌ಗಳ ಸರಾಸರಿ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿ, ಒಂದೆರಡು 100% ಮುಟ್ಟಿರಬಹುದು. ಆದರೂ ಆರು ಕೋರ್ ಐದು ಕ್ಲೈಂಟ್‌ಗೆ ಸಾಕು, ಫ್ರೇಮ್ ರೇಟ್‌ಗೆ ಕಡಿವಾಣ ಹಾಕಿದರೆ ಮಾತ್ರ.

ಆಟದಲ್ಲಿ ಪ್ರೆಸೆಂಟ್ ಇಂಟರ್ವಲ್ (ಫ್ರೇಮ್ ರೇಟನ್ನ ಮಾನಿಟರ್ ವೇಗಕ್ಕೆ ಕಟ್ಟುವ ಸೆಟ್ಟಿಂಗ್) "ಇಮಿಡಿಯೇಟ್" ಇದ್ದರೆ ತೆಗೆದು "ಒನ್" ಮಾಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬ್ಯಾಕ್‌ಗ್ರೌಂಡ್ ಅಪ್ಲಿಕೇಶನ್ ಮ್ಯಾಕ್ಸ್ ಫ್ರೇಮ್ ರೇಟ್ 20ಕ್ಕೆ ಇಳಿಸಿ. ಸುಮ್ಮನೆ ಬಂಡೆ ಕೊರೆಯುವ ಹಡಗಿನ ವಿಂಡೋದಲ್ಲಿ ಕಂಟ್ರೋಲ್+ಶಿಫ್ಟ್+ಎಫ್9 ಒತ್ತಿದರೆ 3ಡಿ ಚಿತ್ರಣವೇ ನಿಲ್ಲುತ್ತೆ, ಓವರ್‌ವ್ಯೂ (ಸುತ್ತಲಿನ ವಸ್ತುಗಳ ಪಟ್ಟಿ), ಮಾಡ್ಯೂಲ್ (ಹಡಗಿನ ಉಪಕರಣ) ಬಟನ್ ಉಳಿಯುತ್ತವೆ. ಮತ್ತೆ ಒತ್ತಿದರೆ ವಾಪಸ್. ಲಾಂಚರ್‌ನಲ್ಲಿ ಎರಡು ಪ್ರೊಫೈಲ್ ಮಾಡಿ: ಓರ್ಕಾಗೆ ಹೈ, ಉಳಿದ ನಾಲ್ಕಕ್ಕೆ ಲೋ. ಅಫಿನಿಟಿ (ಯಾವ ಕ್ಲೈಂಟ್ ಯಾವ ಕೋರಿನಲ್ಲಿ ಓಡಬೇಕು ಅನ್ನೋ ಸೆಟ್ಟಿಂಗ್) ಹಾಕಿ ಕೋರ್ ಕಟ್ಟಿಹಾಕೋದು ಬೇಡ. ಒಂದೇ ಕೋರಿನ ಎರಡು ಥ್ರೆಡ್‌ಗೆ ಎರಡು ಕ್ಲೈಂಟ್ ಸಿಕ್ಕಿಬಿದ್ದರೆ ಇನ್ನೂ ಕೆಡುತ್ತೆ.

ಒಂದು ಕೀ ಒತ್ತಿದರೆ ಐದಕ್ಕೂ ಹೋಗುವಂಥ ಸಾಫ್ಟ್‌ವೇರ್ ಯಾರಾದರೂ ಹೇಳಿದರೆ ಹಾಕಬೇಡಿ. ಇನ್‌ಪುಟ್ ಬ್ರಾಡ್‌ಕಾಸ್ಟಿಂಗನ್ನು ಆಟ ತಯಾರಿಸಿದ ಕಂಪನಿ ಸಿಸಿಪಿ 2015ರ ಜನವರಿಯಿಂದ ನಿಷೇಧಿಸಿದೆ. ಐದೂ ವಿಂಡೋಗೆ ಐದು ಸಲ ಒತ್ತಿದರೆ ತೊಂದರೆ ಇಲ್ಲ. ಗೇಟ್ (ಒಂದು ನಕ್ಷತ್ರ ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವ ದ್ವಾರ) ದಾಟುವಾಗ ಹಾಗೆ ಒಂದೆರಡು ಸೆಕೆಂಡ್ ಬಿಟ್ಟು ಬಿಟ್ಟು ಒತ್ತಿದರೆ ಲೋಡಿಂಗ್ ಕೂಡ ಹಂಚಿಹೋಗಿ ಸಿಪಿಯು ಉಸಿರಾಡುತ್ತೆ.

ಐದುಹಡಗು:
ಹಾಗಾದರೆ ಈ ತಿಂಗಳು ಎಸ್‌ಎಂಪಿಎಸ್, ಕಾರ್ಡ್. ರ‍್ಯಾಮ್ ಮುಂದಿನ ತಿಂಗಳು ಆಗುತ್ತಾ?

ಕೆಂಪುದೀಪ:
ಉಲ್ಟಾ ಮಾಡಿ. ಈ ತಿಂಗಳು ರ‍್ಯಾಮ್ ಹಾಕಿ, ನಾಲ್ಕು ಕ್ಲೈಂಟ್ ಲೋನಲ್ಲಿ ಓಡಿಸಿ: 2.4 ಜಿಬಿ, ಈಗಿರೋ 1650ಕ್ಕೇ ಹಿಡಿಸುತ್ತೆ. ಈಗ ಕಾರ್ಡ್ ಮಾತ್ರ ಬದಲಿಸಿದರೆ ನಾಲ್ಕನೇ ಕ್ಲೈಂಟ್ ತೆರೆಯುವಾಗಲೇ ಕಮಿಟ್ ಮಿತಿ ಮುಟ್ಟಬಹುದು.